ಕೂದಲು ತೆಗೆದ ಬಳಿಕ ಮುಖದ ಆರೈಕೆ

ಥ್ರೆಡಿಂಗ್ ಅಥವಾ ವ್ಯಾಕ್ಸಿಂಗ್‌ನಲ್ಲಿ ಕೂದಲು ಬುಡಸಮೇತ ಕಿತ್ತುಬರುವುದರಿಂದ ಕೂದಲಿನ ಕೋಶದ ಸುತ್ತ ಉರಿಯೂತ ಉಂಟಾಗುತ್ತದೆ. ಮೇಲ್ದುಟಿ, ಗಲ್ಲ ಕೆಂಪಾಗಿ ಸಣ್ಣ ಗುಳ್ಳೆಗಳೇಳುತ್ತವೆ. ವ್ಯಾಕ್ಸ್ ಚರ್ಮದ ಹೊರಪದರವನ್ನೂ ತುಸು ಸುಲಿಯುವುದರಿಂದ ಉರಿ ಹೆಚ್ಚು. ಸಾಮಾನ್ಯವಾಗಿ ಇದು ಒಂದೆರಡು ದಿನಗಳಲ್ಲಿ ಇಳಿಯುತ್ತದೆ.

ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಸುಮಾರು 10 ನಿಮಿಷ ಇಟ್ಟು, ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಅಥವಾ ಲೋಳೆಸರದ ಜೆಲ್ ತೆಳುವಾಗಿ ಹಚ್ಚಬೇಕು. ಮಂಜುಗಡ್ಡೆಯನ್ನು ನೇರವಾಗಿ ಒತ್ತಬಾರದು. ಸ್ಕ್ರಬ್, ರೆಟಿನಾಯ್ಡ್ ಕ್ರೀಮುಗಳು ಕನಿಷ್ಠ 24ರಿಂದ 48 ಗಂಟೆ ಬೇಡ. ನಿಂಬೆರಸವಂತೂ ಎಂದಿಗೂ ಸಲ್ಲದು, ಬಿಸಿಲು ತಾಗಿದರೆ ಅದು ಚರ್ಮವನ್ನು ಸುಡಬಹುದು. ಕಂದು ಮೈಬಣ್ಣದವರಲ್ಲಿ ಉರಿಯೂತ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯಬಹುದಾದ್ದರಿಂದ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಅಗತ್ಯ. ಕೀವುಗುಳ್ಳೆ ಕಂಡರೆ ಚರ್ಮವೈದ್ಯರಿಗೆ ತೋರಿಸಬೇಕು.