ಗಜನಿಯ ಕಟ್ಟೆ

ಕುಮಟಾ ತಾಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ನೆನೆದಾಗ, ಕಟ್ಟೆ ಒಡೆದ ದಿನ ಶಾಲೆಗೆ ಬಾರದ ನನ್ನ ವಿದ್ಯಾರ್ಥಿಗಳು ಕಣ್ಮುಂದೆ ಬರುತ್ತಾರೆ. ಉಪ್ಪುನೀರನ್ನು ತಾಳುವ ಕಗ್ಗ ಭತ್ತದ ಈ ನೆಲವನ್ನು ಕಾಯ್ದದ್ದು ಊರವರು ಕೂಡಿ ಕಟ್ಟಿದ ಮಣ್ಣಿನ ಕಟ್ಟೆ.

ದಿನಕರ ದೇಸಾಯಿಯವರ ರೈತ ಚಳವಳಿ ಜಿಲ್ಲೆಯ ಗೇಣಿದಾರರಿಗೆ ದನಿಯಾಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವನಿಗೆ ಒಡೆತನದ ಹಕ್ಕನ್ನಿತ್ತಿತು. ಆದರೆ ಸಿಗಡಿಯ ಲಾಭ ಕಂಡ ಅನೇಕರು ಭತ್ತವನ್ನು ಕೈಬಿಟ್ಟರು. ಕೃಷಿಕರಲ್ಲದವರ ಖರೀದಿಗೆ ಅಡ್ಡವಾಗಿದ್ದ 79ಎ, 79ಬಿ ಕಲಮುಗಳೂ 2020ರಲ್ಲಿ ರದ್ದಾದವು.

ಕಾನೂನಿನ ಕಟ್ಟೆ ಒಡೆದಿದೆ. ಉಳಿದದ್ದು ನಿಮ್ಮ ಕೈಯಲ್ಲಿರುವುದೊಂದೇ. ಗದ್ದೆ ಮಾರುವ ಮುನ್ನ ನೆರೆಯವರನ್ನು ಒಮ್ಮೆ ಕೇಳಿರಿ, ಮಕ್ಕಳೇ. ಗಜನಿಯಲ್ಲಿ ಒಬ್ಬರ ಪಾಲಿನ ಕಟ್ಟೆ ಒಡೆದರೆ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ.