ಉಸಿರಿಗೊಂದು ಲೆಕ್ಕದ ಹಾಳೆ

ಉಬ್ಬಸ, ಗೂರಲು, ದಮ್ಮು ಎಂದೆಲ್ಲ ಕನ್ನಡ ನಾಡಿನಲ್ಲಿ ಕರೆಸಿಕೊಳ್ಳುವ ಆಸ್ತಮಾಕ್ಕೆ ಒಂದು ಕೆಟ್ಟ ಚಾಳಿಯಿದೆ. ವೈದ್ಯರ ಮುಂದೆ ಅದು ಅಡಗಿ ಕೂರುತ್ತದೆ. ನಸುಕಿನ ಮೂರು ಗಂಟೆಗೆ ಎದೆ ಬಿಗಿದು, ಹಾಸಿಗೆಯಲ್ಲಿ ಎದ್ದು ಕುಳಿತು ಗಾಳಿಗಾಗಿ ಬಾಯಿ ಬಿಟ್ಟ ರೋಗಿ ಹಗಲು ಹನ್ನೊಂದಕ್ಕೆ ಆಸ್ಪತ್ರೆ ತಲುಪುವ ಹೊತ್ತಿಗೆ ಅವನ ಉಸಿರು ಸಲೀಸಾಗಿರುತ್ತದೆ. ಸ್ಟೆತಾಸ್ಕೋಪ್ ಇಟ್ಟರೆ ಎದೆಯಲ್ಲಿ ಸುಂಯ್ ಎಂಬ ಸದ್ದೂ ಇರುವುದಿಲ್ಲ. ರಾತ್ರಿಯ ಸಂಕಟಕ್ಕೆ ಸಾಕ್ಷಿಯನ್ನು ಎಲ್ಲಿಂದ ತರುವುದು?

ಕಾಯಿಲೆಯ ಈ ಸ್ವಭಾವ ಹಳಬರಿಗೆ ತಿಳಿಯದ್ದೇನಲ್ಲ. ಚರಕ ಸಂಹಿತೆಯ ತಮಕ ಶ್ವಾಸವು ಮಲಗಿದರೆ ಹೆಚ್ಚುತ್ತದೆ, ಎದ್ದು ಕುಳಿತರೆ ತಗ್ಗುತ್ತದೆ, ಮೋಡ ಕವಿದರೆ ಕೆರಳುತ್ತದೆ. ಇಂಗ್ಲೆಂಡಿನ ಲಿಚ್‌ಫೀಲ್ಡ್ ಊರಿನ ವೈದ್ಯ ಜಾನ್ ಫ್ಲಾಯರ್ ಸ್ವತಃ ಉಬ್ಬಸದ ರೋಗಿ. ಆತ 1698ರಲ್ಲಿ ಆಸ್ತಮಾ ಕುರಿತೇ ಒಂದು ಗ್ರಂಥ ಪ್ರಕಟಿಸಿ, ರಾತ್ರಿ ಒಂದೆರಡು ಗಂಟೆಯ ಸುಮಾರಿಗೆ ದಾಳಿ ಶುರುವಾಗುವ ಬಗೆಯನ್ನು ಅದರಲ್ಲಿ ವರ್ಣಿಸಿದ. ನಾಡಿ ಎಣಿಸಲೆಂದು ಒಂದು ನಿಮಿಷ ಓಡುವ ಗಡಿಯಾರವನ್ನು ಮಾಡಿಸಿದವನೂ ಇವನೇ. ಆದರೆ ನಾಡಿಯನ್ನು ಲೆಕ್ಕಕ್ಕೆ ಹಿಡಿದವನ ಕೈಗೆ ಉಸಿರು ಸಿಗಲಿಲ್ಲ. ಅದನ್ನು ಅಳೆಯುವ ಸಾಧನವೇ ಆಗ ಇರಲಿಲ್ಲ.

ಸಾಧನ ಬಂದದ್ದು 1846ರಲ್ಲಿ. ಜಾನ್ ಹಚಿನ್‌ಸನ್ ಎಂಬ ವೈದ್ಯ ನೀರಿನ ಪಾತ್ರೆಯಲ್ಲಿ ಬೋರಲು ಹಾಕಿದ ಗಂಟೆಯಂಥ ಡಬ್ಬಿಯೊಳಕ್ಕೆ ಜನರಿಂದ ಊದಿಸಿ, ಅದು ಎಷ್ಟು ಮೇಲೇಳುತ್ತದೆಂದು ನೋಡಿದ. ಎರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಹೀಗೆ ಅಳೆದು, ಎತ್ತರದವರ ಎದೆಯಲ್ಲಿ ಹೆಚ್ಚು ಗಾಳಿ ಹಿಡಿಯುತ್ತದೆಂದು ತೋರಿಸಿದ. ಜೀವ ವಿಮೆಯವರಿಗೆ ಇದು ಪ್ರಯೋಜನಕ್ಕೆ ಬಂದೀತೆಂಬ ನಿರೀಕ್ಷೆ ಅವನದು. ಉಬ್ಬಸದವರಿಗೆ ಮಾತ್ರ ಅಷ್ಟು ಸಾಲದು. ಅವರ ತೊಂದರೆ ಗಾಳಿ ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ ಎಷ್ಟು ಬೇಗ ಹೊರಬರುತ್ತದೆ ಎಂಬುದರಲ್ಲಿದೆ. ಫ್ರಾನ್ಸಿನ ಟಿಫ್ನೊ 1947ರಲ್ಲಿ ವೇಗದ ಕಡೆಗೆ ಗಮನ ಸೆಳೆದ. ಆದರೂ ಯಂತ್ರ ಆಸ್ಪತ್ರೆಯಲ್ಲೇ ಉಳಿಯಿತು. ಅಳತೆ ಮತ್ತೆ ಹಗಲು ಹೊತ್ತಿನದೇ ಆಯಿತು.

ಈ ಗಂಟು ಬಿಚ್ಚಿದವನು ಮಾರ್ಟಿನ್ ರೈಟ್. ವೇಲ್ಸ್‌ನ ಕಲ್ಲಿದ್ದಲು ಗಣಿ ಕಾರ್ಮಿಕರ ಶ್ವಾಸಕೋಶಗಳನ್ನು ಪರೀಕ್ಷಿಸುತ್ತಿದ್ದ ಸಂಶೋಧನಾ ಘಟಕದಲ್ಲಿ ದುಡಿದಿದ್ದ ಈತ 1959ರಲ್ಲಿ ಸಹೋದ್ಯೋಗಿ ಮೆಕೆರೋ ಜೊತೆ ಪೀಕ್ ಫ್ಲೋ ಮೀಟರನ್ನು ಪರಿಚಯಿಸಿದ. ಜೋರಾಗಿ ಒಮ್ಮೆ ಊದಿದರೆ ಮುಳ್ಳು ತಿರುಗಿ, ಉಸಿರಿನ ಗರಿಷ್ಠ ವೇಗವನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುತ್ತಿತ್ತು. 1978ರಲ್ಲಿ ಅವನೇ ಅದರ ಪುಟ್ಟ ರೂಪವನ್ನು ಪ್ರಕಟಿಸಿದ. ಕೈಯಲ್ಲಿ ಹಿಡಿಯುವ ಅಗ್ಗದ ಕೊಳವೆ ಅದು. ಅಳತೆಗೋಲು ರೋಗಿಯ ಹಾಸಿಗೆಯ ಪಕ್ಕಕ್ಕೆ ಬಂದದ್ದು ಹೀಗೆ.

ಒಂದು ಅಂಕಿ ಏನನ್ನೂ ಹೇಳದು. ಸಾಲಾಗಿ ಬರೆದ ಅಂಕಿಗಳು ಬೇರೆಯೇ ಕತೆ ಹೇಳುತ್ತವೆ. 1977ರಲ್ಲಿ ಲಂಡನ್ನಿನ ವೈದ್ಯೆ ಮಾರ್ಗರೆಟ್ ಟರ್ನರ್-ವಾರ್ವಿಕ್ ಇಂಥ ಸಾಲುಗಳನ್ನು ನಕ್ಷೆಗಿಳಿಸಿ, ಅವುಗಳಲ್ಲಿ ಮಾದರಿಗಳನ್ನು ಗುರುತಿಸಿದರು. ಕೆಲವರ ನಕ್ಷೆ ಪ್ರತಿ ಬೆಳಗಿನ ಜಾವ ಹಳ್ಳಕ್ಕೆ ಬಿದ್ದು ಸಂಜೆ ದಿಬ್ಬ ಹತ್ತುತ್ತಿತ್ತು. ಸಂಜೆ 400 ಇದ್ದದ್ದು ಮುಂಜಾನೆ 200ಕ್ಕೆ ಇಳಿದರೆ ಹಗಲು ನೋಡುವ ವೈದ್ಯರಿಗೆ ತಿಳಿಯುವುದಾದರೂ ಹೇಗೆ? ಅದೇ ವರ್ಷ ಬ್ರಾಂಪ್ಟನ್ ಆಸ್ಪತ್ರೆಯ ವೈದ್ಯರು ವಾರ್ಡಿನಲ್ಲೇ ಹಠಾತ್ತನೆ ಉಸಿರು ನಿಂತವರ ದಾಖಲೆಗಳನ್ನು ತೆರೆದು ನೋಡಿದಾಗಲೂ ಬೆಳಗು ಬೈಗುಗಳ ನಡುವಿನ ಇಂಥ ವಿಪರೀತ ಏರಿಳಿತವೇ ಎದ್ದು ಕಂಡಿತು. ಹಾಳೆಯ ಮೇಲಿನ ಹಳ್ಳ ಬರೀ ಗೀಟಾಗಿರಲಿಲ್ಲ.

ಹಾಳೆಯ ನಿಜವಾದ ತಾಕತ್ತು ಕಾರ್ಖಾನೆಯಲ್ಲಿ ಕಂಡಿತು. ಎಲೆಕ್ಟ್ರಾನಿಕ್ಸ್ ಉದ್ಯಮದಲ್ಲಿ ಬೆಸುಗೆ ಹಾಕುವಾಗ ಪೈನ್ ಮರದ ರಾಳ ಕಾದು ಹೊಗೆಯಾಡುತ್ತದೆ. ಆ ಹೊಗೆ ಕುಡಿದ ಕೆಲಸಗಾರರಲ್ಲಿ ಕೆಲವರಿಗೆ ಉಬ್ಬಸ. ಕೆಲಸದಿಂದ ಬಂತೋ, ಮನೆಯಿಂದ ಬಂತೋ? ಷರ್ವುಡ್ ಬರ್ಜ್ ಮತ್ತು ಸಂಗಡಿಗರು ಅವರ ಕೈಗೆ ಮೀಟರ್ ಕೊಟ್ಟು, ಎಚ್ಚರವಿರುವಷ್ಟು ಹೊತ್ತೂ ಪದೇ ಪದೇ ಊದಿ, ವಾರಗಟ್ಟಲೆ ಬರೆದಿಡುವಂತೆ ಹೇಳಿದರು. 1979ರಲ್ಲಿ ಪ್ರಕಟವಾದ ಆ ದಾಖಲೆಗಳಲ್ಲಿ ಕೆಲವರ ಉಸಿರು ಕೆಲಸದ ದಿನಗಳಲ್ಲಿ ಕುಸಿದು ವಾರದ ರಜೆಯಲ್ಲಿ ಚೇತರಿಸಿಕೊಂಡಿತ್ತು. ಇನ್ನು ಕೆಲವರಿಗೆ ಎರಡು ದಿನದ ರಜೆಯೂ ಸಾಲದೆ, ಅವರು ಹೊಸ ವಾರವನ್ನು ಹಳೆಯ ದಣಿವಿನೊಂದಿಗೇ ಆರಂಭಿಸುತ್ತಿದ್ದರು. ಅನ್ನ ಕೊಡುವ ಕೆಲಸವೇ ಉಸಿರು ಕಸಿಯುತ್ತಿದೆ ಎಂದು ಬಾಯಲ್ಲಿ ಹೇಳಿದರೆ ನಂಬದ ಮಾಲೀಕನ ಮುಂದೆ ಇಡಲು ಕಾರ್ಮಿಕನ ಕೈಯಲ್ಲಿ ಈಗ ಅವನೇ ಬರೆದ ಸಾಕ್ಷ್ಯವಿತ್ತು.

ಸಾಕ್ಷ್ಯವೆಂದ ಮೇಲೆ ಸುಳ್ಳು ಸಾಕ್ಷ್ಯವೂ ಉಂಟು. ಊದಿದ ಹೊತ್ತನ್ನು ತಾನೇ ನೆನಪಿಟ್ಟುಕೊಳ್ಳುವ ವಿದ್ಯುನ್ಮಾನ ಮೀಟರುಗಳು ಬಂದ ಮೇಲೆ, 1990ರ ದಶಕದಲ್ಲಿ, ಅವುಗಳನ್ನು ರೋಗಿಗಳ ಹಾಳೆಯೊಂದಿಗೆ ತಾಳೆ ನೋಡಲಾಯಿತು. ಊದದೆಯೇ ಬರೆದ ಅಂಕಿಗಳು ಸಾಕಷ್ಟು ಸಿಕ್ಕವು! ಮೇಷ್ಟರು ಬರುವ ಮುಂಚೆ ಕಾಪಿ ಪುಸ್ತಕ ತುಂಬಿಸುವ ಹುಡುಗರ ಹಾಗೆ, ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಹದಿನೈದು ದಿನದ ಲೆಕ್ಕವನ್ನು ಒಮ್ಮೆಗೇ ಬರೆದವರಿರಬೇಕು. ಇದಕ್ಕೆ ರೋಗಿಯನ್ನಷ್ಟೇ ದೂರುವುದು ಸರಿಯಲ್ಲ. ಚೆನ್ನಾಗಿರುವ ದಿನ ತಾನು ರೋಗಿಯೆಂಬುದನ್ನು ನೆನೆಯಲು ಯಾರಿಗೂ ಮನಸ್ಸು ಬಾರದು.

ಅಂದಹಾಗೆ, ಹಾಳೆ ಇಡುವ ಕ್ರಮ ಈಗಲೂ ಸರಳ. ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿ, ಹೆಚ್ಚು ಬಂದದ್ದನ್ನು ಬರೆಯಬೇಕು. ಹೋಲಿಕೆ ನೆರೆಯವರ ಅಂಕಿಯೊಂದಿಗಲ್ಲ, ತನ್ನದೇ ಅತ್ಯುತ್ತಮ ಅಂಕಿಯೊಂದಿಗೆ. ಅದರ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80ರವರೆಗೆ ಹಳದಿ, 50ಕ್ಕಿಂತ ಕೆಳಗಿಳಿದರೆ ಕೆಂಪು. ಕೆಂಪು ಕಂಡಾಗ ಬೆಳಗಾಗಲೆಂದು ಕಾಯುವಂತಿಲ್ಲ.