ಪತ್ರಿಕಾ ಪ್ರಕಟಣೆಯ ಹುಟ್ಟು ಮತ್ತು ಐವಿ ಲೀ

ಸಾರ್ವಜನಿಕ ಸಂಪರ್ಕ ಒಂದು ವೃತ್ತಿಯಾಗಿ ರೂಪುಗೊಂಡದ್ದು 20ನೇ ಶತಮಾನದ ಆರಂಭದ ಅಮೆರಿಕದಲ್ಲಿ. ರೈಲು, ಕಲ್ಲಿದ್ದಲು ಮತ್ತು ತೈಲ ಕಂಪನಿಗಳು ದೈತ್ಯವಾಗಿ ಬೆಳೆದಿದ್ದ ಕಾಲವದು. ಅವುಗಳ ಅಕ್ರಮಗಳನ್ನು ಪತ್ರಿಕೆಗಳು ಒಂದಾದ ಮೇಲೊಂದರಂತೆ ಬಯಲಿಗೆಳೆಯುತ್ತಿದ್ದರೂ ಮಾಲೀಕರು ಬಾಯಿ ಬಿಡುತ್ತಿರಲಿಲ್ಲ. ಅಪಘಾತವಾದರೆ ಸುದ್ದಿ ಹೊರಬೀಳದಂತೆ ತಡೆಯುವುದೇ ರೈಲು ಕಂಪನಿಗಳ ರೂಢಿಯಾಗಿತ್ತು.

ಈ ರೂಢಿಯನ್ನು ಮುರಿದವರಲ್ಲಿ ಐವಿ ಲೀ ಪ್ರಮುಖರು. 1877ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿ, ಪ್ರಿನ್ಸ್‌ಟನ್‌ನಲ್ಲಿ ಓದಿದ ಅವರು ನ್ಯೂಯಾರ್ಕ್‌ನಲ್ಲಿ ವರದಿಗಾರರಾಗಿದ್ದರು. ನಂತರ ಜಾರ್ಜ್ ಪಾರ್ಕರ್ ಜೊತೆ ಪ್ರಚಾರ ಸಂಸ್ಥೆಯೊಂದನ್ನು ತೆರೆದರು. 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರ ಕೆಲಸ ಮಾಡುವಾಗ ಪತ್ರಿಕಾ ಕಚೇರಿಗಳಿಗೆ ‘ತತ್ವಗಳ ಘೋಷಣೆ’ ಕಳುಹಿಸಿದರು. ತಮ್ಮ ಕೆಲಸದಲ್ಲಿ ಗುಟ್ಟಿಲ್ಲ, ಕೊಡುವುದು ಸುದ್ದಿಯೇ ಹೊರತು ಜಾಹೀರಾತಲ್ಲ, ಮಾಹಿತಿಯನ್ನು ಪರಿಶೀಲಿಸಬಯಸುವ ಸಂಪಾದಕರಿಗೆ ನೆರವಾಗುತ್ತೇವೆ ಎಂಬುದು ಅದರ ಸಾರ.

ಅದೇ ವರ್ಷದ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಬಳಿ ವಿದ್ಯುತ್ ರೈಲೊಂದು ಸೇತುವೆಯ ಮೇಲೆ ಹಳಿ ತಪ್ಪಿ ನೀರಿಗೆ ಉರುಳಿತು. 50ಕ್ಕೂ ಹೆಚ್ಚು ಜನ ಸತ್ತರು. ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿಗೆ ಸಲಹೆಗಾರರಾಗಿದ್ದ ಲೀ, ವದಂತಿ ಹರಡುವ ಮೊದಲೇ ಕಂಪನಿಯ ಹೇಳಿಕೆಯನ್ನು ಪತ್ರಿಕೆಗಳಿಗೆ ಕೊಡಿಸಿದರು. ವರದಿಗಾರರನ್ನೂ ಛಾಯಾಗ್ರಾಹಕರನ್ನೂ ಸ್ಥಳಕ್ಕೆ ಕರೆಸಿದರು. ‘ನ್ಯೂಯಾರ್ಕ್ ಟೈಮ್ಸ್’ ಆ ಹೇಳಿಕೆಯನ್ನು ಇದ್ದಂತೆಯೇ ಅಚ್ಚು ಹಾಕಿತು. ಮೊದಲ ಪತ್ರಿಕಾ ಪ್ರಕಟಣೆ ಎಂದು ಸಾಮಾನ್ಯವಾಗಿ ಗುರುತಿಸುವುದು ಇದನ್ನೇ.

ಆದರೆ ‘ತತ್ವಗಳ ಘೋಷಣೆ’ ಬರೆದ ಲೀ ಅವರೇ ಮುಂದೆ ಅದನ್ನು ಪಾಲಿಸಲಿಲ್ಲ. 1914ರ ಏಪ್ರಿಲ್‌ನಲ್ಲಿ ಕೊಲರಾಡೋದ ಲಡ್ಲೋದಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಡೇರೆಗಳ ಮೇಲೆ ಸಶಸ್ತ್ರ ಪಡೆಗಳು ದಾಳಿ ನಡೆಸಿದವು. ಡೇರೆಯೊಂದರ ಕೆಳಗಿನ ಗುಂಡಿಯಲ್ಲಿ ಅಡಗಿದ್ದ 11 ಮಕ್ಕಳು, ಇಬ್ಬರು ಹೆಂಗಸರು ಬೆಂಕಿಯ ಹೊಗೆಗೆ ಉಸಿರುಕಟ್ಟಿ ಸತ್ತರು. ಗಣಿ ಕಂಪನಿ ತೈಲೋದ್ಯಮಿ ರಾಕ್‌ಫೆಲ್ಲರ್ ಕುಟುಂಬದ ಹಿಡಿತದಲ್ಲಿತ್ತು. ಅವರ ಪರವಾಗಿ ಲೀ ಹೊರಡಿಸಿದ ಕರಪತ್ರಗಳಲ್ಲಿ ಕಾರ್ಮಿಕ ನಾಯಕರ ಸಂಬಳವನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸಲಾಗಿತ್ತು. ಕಂಪನಿ ಕೊಟ್ಟ ಅಂಕಿಅಂಶಗಳನ್ನು ತಾವು ಪರಿಶೀಲಿಸಿರಲಿಲ್ಲವೆಂದು ಅವರು 1915ರಲ್ಲಿ ವಿಚಾರಣಾ ಆಯೋಗದ ಮುಂದೆ ಒಪ್ಪಿಕೊಳ್ಳಬೇಕಾಯಿತು. ಲೇಖಕ ಅಪ್ಟನ್ ಸಿಂಕ್ಲೇರ್, ಲೀ ಅವರಿಗೆ ‘ಪಾಯ್ಸನ್ ಐವಿ’ (ವಿಷಬಳ್ಳಿಯೊಂದರ ಹೆಸರು) ಎಂದು ಅಡ್ಡಹೆಸರಿಟ್ಟರು. ನಾಜಿ ಆಡಳಿತವಿದ್ದ ಜರ್ಮನಿಯ ಐ.ಜಿ. ಫಾರ್ಬೆನ್ ರಾಸಾಯನಿಕ ಕಂಪನಿಗೆ ಸಲಹೆ ನೀಡಿದ್ದಕ್ಕಾಗಿ 1934ರಲ್ಲಿ ಅಮೆರಿಕ ಸಂಸತ್ತಿನ ಸಮಿತಿ ಅವರನ್ನು ಪ್ರಶ್ನಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ಲೀ ತೀರಿಕೊಂಡರು. ವಿದೇಶಿ ಹಿತಾಸಕ್ತಿಗಳ ಪರ ಕೆಲಸ ಮಾಡುವವರು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ಕಾನೂನು ಅಮೆರಿಕದಲ್ಲಿ 1938ರಲ್ಲಿ ಜಾರಿಗೆ ಬಂತು.

ವೃತ್ತಿಗೆ ಲಿಖಿತ ನೀತಿಸಂಹಿತೆ ಬೇಕೆಂಬ ಅರಿವು ಕ್ರಮೇಣ ಬಲವಾಯಿತು. ಅಂತರರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ಸಂಘ 1965ರಲ್ಲಿ ಅಥೆನ್ಸ್‌ನಲ್ಲಿ ಅಂಥ ಸಂಹಿತೆಯನ್ನು ಅಂಗೀಕರಿಸಿತು. 1958ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಸಾರ್ವಜನಿಕ ಸಂಪರ್ಕ ಸೊಸೈಟಿ 1968ರಲ್ಲಿ ದೆಹಲಿ ಸಮ್ಮೇಳನದಲ್ಲಿ ಅದನ್ನೇ ತನ್ನದಾಗಿಸಿಕೊಂಡಿತು. ಆ ಸಮ್ಮೇಳನದ ನೆನಪಿಗೆ ಏಪ್ರಿಲ್ 21ನ್ನು ಭಾರತದಲ್ಲಿ ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವಾಗಿ ಆಚರಿಸಲಾಗುತ್ತದೆ.

ಈ ವೃತ್ತಿಗೆ ಬರುವವರು ಲೀ ಅವರ ಬದುಕಿನಿಂದ ಕಲಿಯಬೇಕಾದದ್ದು ಸ್ಪಷ್ಟ: ಕೆಟ್ಟ ಸುದ್ದಿಯನ್ನು ತಾವೇ ಮೊದಲು ಹೇಳಬೇಕು; ಸಂಬಳ ಕೊಡುವವರು ಒದಗಿಸಿದ ಅಂಕಿಅಂಶವಾದರೂ ತಾಳೆ ನೋಡದೆ ಪತ್ರಿಕೆಗೆ ಕಳಿಸಬಾರದು.